ತಂಪು ಜಾಗವಿಲ್ಲದ ಕೊಪ್ಪಳದಲ್ಲಿ 160 ಕೆಜಿ ಆಲೂಗಡ್ಡೆ: ಒಂದು ಮನೆಯ ಲೆಕ್ಕ

ಶಿವರಾತ್ರಿ ದಿನ ಅತ್ತೆ ಈಳಿಗೆ ಮುಂದೆ ಕುಳಿತು ಒಂದು ಆಲೂಗಡ್ಡೆ ಹೆಚ್ಚಿದರು. ಹೊರಗಡೆ ಏನೂ ಇರಲಿಲ್ಲ. ಸಿಪ್ಪೆ ಗಟ್ಟಿ, ಮೊಳಕೆ ಇಲ್ಲ, ವಾಸನೆ ಇಲ್ಲ. ಎರಡು ಹೋಳು ಮಾಡಿ ನೋಡಿದರೆ ನಡುಮಧ್ಯೆ ಕಾಡಿಗೆ ಒತ್ತಿದ ಹಾಗೆ ಕಪ್ಪು. "ಏನವಾ ಇದು, ಒಳಗ ಸುಟ್ಟಂಗ ಆಗೇತಲ್ಲ" ಅಂದರು. ಇನ್ನೊಂದು ಹೆಚ್ಚಿದರು, ಅದು ಚೆನ್ನಾಗಿತ್ತು. ಮೂರನೆಯದು ಮತ್ತೆ ಕಪ್ಪು. ಹೀಗೆ ಇಪ್ಪತ್ತು ಗಡ್ಡೆ ಹೆಚ್ಚಿದಾಗ ಎಂಟರ ಹೊಟ್ಟೆ ಕಪ್ಪಾಗಿತ್ತು. ಉಪವಾಸದ ದಿನ ಆಲೂಗಡ್ಡೆ ಬೇಯಿಸೋಣ ಅಂತ ಕುಳಿತವರು ಕೊನೆಗೆ ಗೆಣಸು ತರಿಸಿದೆವು.

ಆ ಚೀಲ ನಾನೇ ಇಟ್ಟಿದ್ದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಸೊಸೈಟಿಯೊಂದರಲ್ಲಿ ಲೆಕ್ಕ ಬರೆಯುವವಳು, ಹಾಗಾಗಿ ಆಲೂಗಡ್ಡೆಗೂ ಒಂದು ಹಳೆಯ ಡೈರಿಯಲ್ಲಿ ಲೆಕ್ಕ ಇಟ್ಟಿದ್ದೆ. ಮನೆಯವರೆಲ್ಲ ನಕ್ಕರು, ಆದರೆ ಈಗ ಏನಾಯಿತು, ಯಾಕಾಯಿತು ಅಂತ ಹೇಳೋಕೆ ಇರೋದು ಅದೊಂದೇ.

ಮೊದಲು ಹಿನ್ನೆಲೆ. ನಾವು ನಾಲ್ಕು ಜನ ಕೊಪ್ಪಳ ಪೇಟೆಯಲ್ಲಿ ಆರ್‌ಸಿಸಿ ಮನೆಯಲ್ಲಿದ್ದೇವೆ, ಮಹಡಿ ಮೇಲಿನ ಬಾಡಿಗೆ ಮನೆ. ಅತ್ತೆ, ಮಾವ, ಭಾವ, ನೆಗೆಣ್ಣಿ ಮತ್ತು ಅವರ ಮಗಳು ಊರಲ್ಲಿ, ಕುಷ್ಟಗಿ ರಸ್ತೆ ಕಡೆ. ಅಲ್ಲಿ ಹಳೆಯ ಮಣ್ಣಿನ ಮಾಳಿಗೆ ಮನೆ ಇದೆ, ಬೋರ್‌ವೆಲ್ ಪಕ್ಕ ಒಂದಿಷ್ಟು ಮಸಾರಿ (ಕೆಂಪು ಮಣ್ಣಿನ) ಹೊಲ ಇದೆ. ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಆಲೂಗಡ್ಡೆ ಅಂದರೆ ಗಡ್ಡೆ ಕೀಳುವಾಗ ಮಣ್ಣೂ ಜೊತೆಗೇ ಬರುತ್ತದೆ, ಅದಕ್ಕೆ ಮಸಾರಿಯಲ್ಲೇ ಎರಡು ಗುಂಟೆಗೆ ಹಾಕಿದೆವು. ನಮ್ಮ ಕಡೆ ಉಳ್ಳಾಗಡ್ಡಿ (ಈರುಳ್ಳಿ) ಎಲ್ಲರೂ ಬೆಳೆಯುತ್ತಾರೆ, ಆಲೂಗಡ್ಡೆ ಬೆಳೆಯುವವರು ಕಡಿಮೆ. ಭಾವನಿಗೆ ಹುಕಿ ಬಂತು. ಕುಫ್ರಿ ಜ್ಯೋತಿ ತಳಿಯ ಬೀಜದ ಗಡ್ಡೆ ಒಂದು ಚೀಲ, 50 ಕೆಜಿ, ತಂದು ಅಕ್ಟೋಬರ್ ಎರಡನೇ ವಾರ ನೆಟ್ಟರು. ರಾತ್ರಿ 20 ಡಿಗ್ರಿಗಿಂತ ಕೆಳಗೆ ಇಳಿದರೇನೇ ನೆಲದೊಳಗೆ ಗಡ್ಡೆ ಚೆನ್ನಾಗಿ ಕಟ್ಟೋದು. ನಮ್ಮಲ್ಲಿ ಅಂಥ ರಾತ್ರಿ ಸಿಗೋದು ನವೆಂಬರ್‌ನಿಂದ ಜನವರಿವರೆಗೆ ಮಾತ್ರ, ಅದಕ್ಕೇ ಆ ಲೆಕ್ಕ.

ಜನವರಿಯಲ್ಲಿ ಗವಿಮಠದ ಜಾತ್ರೆ ಮುಗಿದ ಮೇಲೆ ಕಿತ್ತೆವು. 240 ಕೆಜಿ ಬಂತು. ಎರಡು ಗುಂಟೆಗೆ ಅದು ಕೆಟ್ಟ ಬೆಳೆ ಅಲ್ಲ.

ಅದನ್ನು ಯಾಕೆ ಇಟ್ಟುಕೊಳ್ಳಬೇಕಿತ್ತು ಅಂತ ನೀವು ಕೇಳಬಹುದು. ಸಂತೆಯಲ್ಲಿ ವಿಚಾರಿಸಿದರೆ ಆಗ ಹೊಸ ಆಲೂಗಡ್ಡೆ ಎಲ್ಲ ಕಡೆಯಿಂದ ಬರೋ ಕಾಲ, ದರ ಬಿದ್ದಿತ್ತು. "ಬ್ಯಾಸಗ್ಯಾಗ ದರ ಏರ್ತೈತಿ, ಅಲ್ಲಿಮಟ ಇಟ್ಕೊಳ್ಳೂಣು" ಅಂದರು ಭಾವ. ನಮಗೂ ಮನೆಗೆ ಆಯಿತಲ್ಲ ಅನ್ನೋ ಆಸೆ. ಆ ಹೊತ್ತಿಗೆ ಯಾರಿಗೂ ನೆನಪಾಗದ ಮಾತು ಏನೆಂದರೆ, ಉಳ್ಳಾಗಡ್ಡಿ ಇಟ್ಟ ಹಾಗೆ ಆಲೂಗಡ್ಡೆ ಇಡೋಕೆ ಆಗಲ್ಲ. ಉಳ್ಳಾಗಡ್ಡಿಗೆ ಒಣ ಗಾಳಿ ಬೇಕು. ಆಲೂಗಡ್ಡೆಗೆ ತಂಪು ಬೇಕು, ಕತ್ತಲೆ ಬೇಕು, ತೇವದ ಗಾಳಿ ಬೇಕು. ಎರಡನ್ನೂ ಒಂದೇ ಮೂಲೆಗೆ ಸುರಿದರೆ ಒಂದಲ್ಲ ಒಂದು ಕೆಡುತ್ತದೆ. ಅಡುಗೆಗೆ ಇಡೋ ಆಲೂಗಡ್ಡೆಗೆ 7ರಿಂದ 10 ಡಿಗ್ರಿ ತಂಪು, 90ರ ಆಸುಪಾಸು ತೇವಾಂಶ ಇದ್ದರೆ ಒಳ್ಳೆಯದು ಅಂತಾರೆ. ಕೊಪ್ಪಳದಲ್ಲಿ 7 ಡಿಗ್ರಿ! ಡಿಸೆಂಬರ್ ಬೆಳಗಿನ ಜಾವ 16 ಆದರೇ ನಾವು ಕಿವಿಗೆ ಮಫ್ಲರ್ ಸುತ್ತಿಕೊಳ್ಳುತ್ತೇವೆ.

ಕೀಳುವ ಕೆಲಸ ಮಾತ್ರ ಸರಿಯಾಗಿ ಮಾಡಿದೆವು. ಅದು ಮಾವನ ಪುಣ್ಯ. ಕೀಳೋಕೆ ಹತ್ತು ದಿನ ಮೊದಲು ನೀರು ನಿಲ್ಲಿಸಿ, ಗಿಡವನ್ನು ನೆಲಮಟ್ಟಕ್ಕೆ ಕುಡಗೋಲಿನಿಂದ ಕೊಯ್ದು ಹಾಕಿಸಿದ್ದರು. ನನಗೆ ಹೊಟ್ಟೆ ಉರಿಯಿತು, ಹಸಿರು ಗಿಡ ಕೊಯ್ಯೋದಾ ಅಂತ. ಆದರೆ ಮೇಲಿನ ಗಿಡ ಹೋದ ಮೇಲೇ ಒಳಗಿನ ಗಡ್ಡೆಯ ಸಿಪ್ಪೆ ಬಲಿಯೋದು. ಹತ್ತನೇ ದಿನ ಒಂದು ಗಡ್ಡೆ ತೆಗೆದು ಹೆಬ್ಬೆರಳಿನಿಂದ ಒತ್ತಿ ಉಜ್ಜಿದರು, ಸಿಪ್ಪೆ ಕದಲಲಿಲ್ಲ. ಗಿಡ ಕೊಯ್ಯುವ ಮೊದಲು ಇದೇ ರೀತಿ ಉಜ್ಜಿದಾಗ ಈರುಳ್ಳಿ ಪೊರೆ ಹಾಗೆ ಸುಲಿದು ಬಂದಿತ್ತು. ಸಿಪ್ಪೆ ಸುಲಿಯೋ ಗಡ್ಡೆಯನ್ನು ಎಲ್ಲಿ ಇಟ್ಟರೂ ಅದು ನೀರು ಬಿಟ್ಟುಕೊಂಡು ಸೊರಗುತ್ತದೆ.

ಕಿತ್ತ ಮೇಲೆ ತೊಳೆಯಲಿಲ್ಲ. ಮಣ್ಣು ಒಣಗಿದ ಮೇಲೆ ಕೈಯಿಂದ ಸವರಿದೆವು ಅಷ್ಟೇ. ಬೇವಿನ ಮರದ ಕೆಳಗೆ ಮೊಣಕಾಲೆತ್ತರಕ್ಕಿಂತ ಕಡಿಮೆ ಗುಡ್ಡೆ ಹಾಕಿ, ಮೇಲೆ ಭತ್ತದ ಹುಲ್ಲು ಮುಚ್ಚಿ, 12 ದಿನ ಬಿಟ್ಟೆವು. ಗುದ್ದಲಿ ತಾಗಿದ ಗೀರು, ತರಚಿದ ಗಾಯ ಎಲ್ಲ ಈ ದಿನಗಳಲ್ಲಿ ಹಕ್ಕಳೆ ಕಟ್ಟುತ್ತವೆ. ನಮ್ಮ ಮೊಣಕೈ ಗಾಯದ ಹಾಗೇ. ಒಂದು ತರಚಿದ ಗಡ್ಡೆಗೆ ನಾನು ದಾರ ಕಟ್ಟಿ ಗುರುತು ಮಾಡಿದ್ದೆ. ಎಂಟನೇ ದಿನಕ್ಕೆ ಹಸಿ ಗಾಯದ ಮೇಲೆ ಕಂದು ಬಣ್ಣದ ಒರಟು ಪೊರೆ, ಉಗುರಿನಿಂದ ಕೆರೆದರೂ ಏಳಲಿಲ್ಲ. ಆಮೇಲೆ ಆರಿಸಿದೆವು. ಆಳವಾಗಿ ಕತ್ತರಿಸಿದ್ದು, ಬೋದಿನ ಮೇಲೆ ಬಿಸಿಲು ಕಂಡು ಹಸಿರಾಗಿದ್ದು, ಕಜ್ಜಿ ಬಂದದ್ದು ಸೇರಿ 34 ಕೆಜಿ ಬೇರೆ ಆಯಿತು. ತೀರಾ ಹಸಿರಾದವನ್ನು ತಿಪ್ಪೆಗೆ ಹಾಕಿ ಉಳಿದದ್ದನ್ನು ಮೊದಲು ತಿಂದೆವು. ನೆಂಟರು, ಓಣಿಯವರು ಅಂತ 46 ಕೆಜಿ ಹೋಯಿತು. ಉಳಿದದ್ದು 160.

ಈಗ ಎಲ್ಲಿಡೋದು?

ಮಾವ ತಕ್ಷಣ ಹೇಳಿದರು: "ಹಗೇವಿನ್ಯಾಗ ಹಾಕ್ರಿ. ಜ್ವಾಳ ವರ್ಷಾನುಗಟ್ಟಲೆ ಇರ್ತಾವ, ಆಲೂಗಡ್ಡಿ ಯಾಕ ಇರಂಗಿಲ್ಲ?" ಊರಿನ ಮನೆ ಮುಂದೆ ಹಳೆಯ ಹಗೇವು, ಅಂದರೆ ಕಾಳು ತುಂಬಿಡೋ ನೆಲದೊಳಗಿನ ಗುಂಡಿ, ಒಂದಿದೆ, ಈಗ ಬಳಸೋದಿಲ್ಲ. ನೆಲದೊಳಗೆ ತಂಪೂ ಹೌದು, ಕತ್ತಲೆಯೂ ಹೌದು. ಒಂದು ಗಳಿಗೆ ನನಗೂ ಸರಿ ಅನ್ನಿಸಿತು. ಆದರೆ ಮಾವನೇ ಹಿಂದೆ ಹೇಳಿದ್ದ ಮಾತು ನೆನಪಾಯಿತು. ಹಗೇವು ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ, ಮೊದಲು ಹಗ್ಗಕ್ಕೆ ದೀಪ ಕಟ್ಟಿ ಬಿಡುತ್ತಿದ್ದರು, ದೀಪ ಆರಿದರೆ ಆ ದಿನ ಇಳಿಯೋ ಹಾಗಿಲ್ಲ. ಜೋಳ ಅಲ್ಲಿ ಕೆಡದೆ ಉಳಿಯೋದಕ್ಕೆ ಕಾರಣವೇ ಅದು. ಒಳಗಿನ ಗಾಳಿಯಲ್ಲಿ ಉಸಿರಾಡೋಕೆ ಏನೂ ಉಳಿದಿರುವುದಿಲ್ಲ, ಹುಳ ಸಾಯುತ್ತವೆ. ಒಣಗಿದ ಜೋಳ ಉಸಿರಾಡೋದು ಇಷ್ಟೇ ಇಷ್ಟು. ಆಲೂಗಡ್ಡೆಯಲ್ಲಿ ನೂರಕ್ಕೆ ಎಂಬತ್ತು ಪಾಲು ನೀರು, ಅದು ಜೀವಂತ ಗಡ್ಡೆ, ಹಗಲೂ ರಾತ್ರಿ ಉಸಿರಾಡುತ್ತದೆ, ಬಿಸಿ ಬಿಡುತ್ತದೆ. ಅದನ್ನು ಹಗೇವಿಗೆ ಹಾಕಿ ಬಾಯಿ ಮುಚ್ಚಿದರೆ ಗಡ್ಡೆಗೂ ಕೇಡು, ಆಮೇಲೆ ತೆಗೆಯೋಕೆ ಇಳಿಯೋ ಮನುಷ್ಯನಿಗೂ ಕೇಡು. ಇದನ್ನು ಮಾವನಿಗೆ ಹೇಳಿ ಒಪ್ಪಿಸಿದೆ. ತಮಾಷೆ ನೋಡಿ, ಇಷ್ಟೆಲ್ಲ ಬುದ್ಧಿ ಹೇಳಿದವಳು ಮೂರೇ ದಿನಕ್ಕೆ ಅದೇ ತಪ್ಪನ್ನು ಪೇಟೆ ಮನೆಯಲ್ಲಿ ಮಾಡಿದೆ.

ಕೋಲ್ಡ್ ಸ್ಟೋರೇಜ್ ಆಗುತ್ತಾ ಅಂತಲೂ ಕೇಳಿದೆವು. ಬಳ್ಳಾರಿ, ರಾಯಚೂರು ಕಡೆ ಇರೋವು ಹೆಚ್ಚಾಗಿ ಒಣಮೆಣಸಿನಕಾಯಿಗೆ. ಫೋನ್ ಎತ್ತಿದವರು "ಎಷ್ಟು ಲೋಡ್ ಅದಾವ್ರೀ?" ಅಂದರು. ನಾಲ್ಕು ಚೀಲ ಅಂತ ಹೇಳೋಕೆ ನಾಚಿಕೆಯಾಗಿ ಇಟ್ಟುಬಿಟ್ಟೆ.

ಕೊನೆಗೆ ನಾಲ್ಕು ಪಾಲು ಮಾಡಿದೆವು, ಎಲ್ಲವನ್ನೂ ಒಂದೇ ಕಡೆ ಇಟ್ಟು ಎಲ್ಲವನ್ನೂ ಕಳೆದುಕೊಳ್ಳೋದು ಬೇಡ ಅಂತ. 40 ಕೆಜಿ ಪೇಟೆ ಮನೆಯ ಮೆಟ್ಟಿಲು ಕೋಣೆಗೆ, 50 ಕೆಜಿ ಊರಿನ ಮಾಳಿಗೆ ಮನೆಯ ಒಳಕೋಣೆಗೆ, 60 ಕೆಜಿ ಬೇವಿನ ಮರದ ಕೆಳಗೆ ಕಟ್ಟಿದ ಇಟ್ಟಿಗೆ ತೊಟ್ಟಿಗೆ, 10 ಕೆಜಿ ಫ್ರಿಜ್‌ಗೆ. ಫೆಬ್ರವರಿ 1ಕ್ಕೆ ಎಲ್ಲ ಒಳಗೆ ಹೋದವು. ಎರಡು ಸಣ್ಣ ಡಿಜಿಟಲ್ ಥರ್ಮಾಮೀಟರ್ ತಂದೆ, ತೇವಾಂಶವನ್ನೂ ತೋರಿಸೋವು.

ಮೆಟ್ಟಿಲು ಕೋಣೆ ಅಂದರೆ ಟೆರೇಸ್‌ಗೆ ಹೋಗೋ ಮೆಟ್ಟಿಲ ಮೇಲಿನ ಸಣ್ಣ ಕೋಣೆ, ತಗಡಿನ ಬಾಗಿಲು. ಚೀಲ ಪ್ಲಾಸ್ಟಿಕ್‌ನದು, ಒಳಗೆ ಪ್ಲಾಸ್ಟಿಕ್ ಹಾಳೆ ಬೇರೆ. ಬಾಗಿಲ ಸಂದಿಯಿಂದ ಬೆಳಕು ಬೀಳುತ್ತೆ, ಹಸಿರಾಗುತ್ತೆ ಅಂತ ಮೇಲೆ ತಾಡಪಾಲು ಹೊದಿಸಿ ಸುತ್ತ ಗಟ್ಟಿಯಾಗಿ ಸಿಕ್ಕಿಸಿದೆ. ಬೆಳಕಿನ ಭಯದಲ್ಲಿ ಗಾಳಿ ಮರೆತೆ. ಫೆಬ್ರವರಿ ಕೊನೆಗೆ ಮಧ್ಯಾಹ್ನ ಆ ಕೋಣೆಯಲ್ಲಿ 38 ತೋರಿಸುತ್ತಿತ್ತು, ಚೀಲದೊಳಗೆ ಕೈ ಹಾಕಿದರೆ ಅದಕ್ಕಿಂತ ಬೆಚ್ಚಗೆ. ಬಿಸಿ ಏರಿದಷ್ಟೂ ಗಡ್ಡೆ ಜೋರಾಗಿ ಉಸಿರಾಡುತ್ತದೆ, ಉಸಿರಾಡಿದಷ್ಟೂ ಬಿಸಿ ಏರುತ್ತದೆ, ಹೊರಗಿನ ಗಾಳಿ ಬರೋ ದಾರಿ ಇಲ್ಲ. ಆಗ ಗಡ್ಡೆಯ ನಡುಭಾಗಕ್ಕೆ ಆಮ್ಲಜನಕ ತಲುಪದೆ ಅದು ಒಳಗೇ ಸಾಯುತ್ತದೆ. ಇದಕ್ಕೆ ಬ್ಲ್ಯಾಕ್ ಹಾರ್ಟ್ ಅಂತ ಹೆಸರು. ಇದು ರೋಗ ಅಲ್ಲ, ಅಂಟುವುದೂ ಇಲ್ಲ, ಉಸಿರುಗಟ್ಟಿ ಆಗೋದು. ಹೊರಗಿನಿಂದ ಗೊತ್ತೇ ಆಗೋದಿಲ್ಲ ಅನ್ನೋದು ಇದರ ಕೆಟ್ಟ ಗುಣ. ಹಗೇವಿನ ದೀಪ ನನ್ನ ಮೆಟ್ಟಿಲು ಕೋಣೆಯಲ್ಲೇ ಆರಿತ್ತು ಅನ್ನಿ. 40 ಕೆಜಿಯಲ್ಲಿ ಕಪ್ಪು ಭಾಗ ಕೆತ್ತಿ ಹಾಕಿ, ಉಳಿದದ್ದು ಬಳಸಿ, ಅಡುಗೆಗೆ ಸಿಕ್ಕಿದ್ದು 18.

ಮಾಳಿಗೆ ಮನೆಯ ಒಳಕೋಣೆ ಇದಕ್ಕಿಂತ ಎಷ್ಟೋ ವಾಸಿ. ಮಣ್ಣಿನ ಗೋಡೆ ಒಂದೂವರೆ ಮೊಳ ದಪ್ಪ, ಮೇಲೂ ಮಣ್ಣು. ಹೊರಗೆ 35 ಇದ್ದಾಗ ಒಳಗೆ 28, 29. ನೆಲಕ್ಕೆ ಎರಡು ಬೆರಳು ಒಣ ಉಸುಕು ಹಾಸಿ, ಗಡ್ಡೆಗಳನ್ನು ಒಂದರ ಮೇಲೊಂದು ಬೀಳದ ಹಾಗೆ ಒಂದೇ ಪದರ ಹರವಿ, ಮೇಲೆ ಒಣಗಿದ ಬೇವಿನ ಸೊಪ್ಪು ದಪ್ಪಗೆ ಮುಚ್ಚಿದೆವು. ಸೊಪ್ಪು ಬೆಳಕಿಗೂ ಅಡ್ಡ, ಪತಂಗಕ್ಕೂ ಅಡ್ಡ. ಆಲೂಗಡ್ಡೆಗೆ ಒಂದು ಸಣ್ಣ ಬೂದು ಪತಂಗ ಇದೆ, ಗಡ್ಡೆಯ ಕಣ್ಣಿನಲ್ಲಿ ಮೊಟ್ಟೆ ಇಡುತ್ತದೆ, ಮರಿ ಒಳಗೆ ಕೊರೆದುಕೊಂಡು ಹೋಗುತ್ತದೆ, ಕಣ್ಣಿನ ಹತ್ತಿರ ಹಿಕ್ಕೆಯ ಪುಡಿ ಕಂಡರೆ ಅದೇ ಗುರುತು. ಸೆಕೆ ಏರಿದ ಹಾಗೆ ಅದರ ಸಂತಾನವೂ ಏರುತ್ತದೆ. ಮಾರ್ಚ್‌ನಲ್ಲಿ ಸೊಪ್ಪು ಸರಿದ ಒಂದು ಮೂಲೆಯಲ್ಲಿ 3 ಕೆಜಿ ಅದರ ಪಾಲಾಯಿತು. ಕಿಟಕಿ ಕಡೆಯ ಒಂದು ಸಾಲು ಹಸಿರೂ ಆಯಿತು, ಒಂದೇ ವಾರದಲ್ಲಿ. ಬಿಸಿಲೇ ಬೇಕಂತಿಲ್ಲ, ಟ್ಯೂಬ್‌ಲೈಟ್ ಬೆಳಕಿಗೂ ಆಲೂಗಡ್ಡೆ ಹಸಿರಾಗುತ್ತದೆ. ಆ ಹಸಿರು ಬಣ್ಣ ವಿಷ ಅಲ್ಲ, ಆದರೆ ಅದರ ಜೊತೆಗೆ ಸೋಲನೈನ್ ಅನ್ನೋ ವಿಷವೂ ಏರಿರುತ್ತದೆ, ಕುದಿಸಿದರೂ ಅದು ಹೋಗೋದಿಲ್ಲ. ಅಲ್ಪಸ್ವಲ್ಪ ಹಸಿರಾದರೆ ದಪ್ಪಗೆ ಕೆತ್ತಿ ತೆಗೆಯಬಹುದು. ಜಾಸ್ತಿ ಹಸಿರಾಗಿದ್ದರೆ, ನಾಲಿಗೆಗೆ ಕಹಿ ಅನ್ನಿಸಿದರೆ ಎಸೆಯಬೇಕು, ಅಯ್ಯೋ ಅನ್ನಬಾರದು.

ಒಳಕೋಣೆಯ ನಿಜವಾದ ತೊಂದರೆ ಒಣಗುವುದು. ಮಾರ್ಚ್‌ನಲ್ಲಿ ಅಲ್ಲಿನ ತೇವಾಂಶ 30ರ ಆಸುಪಾಸು. ಗಡ್ಡೆಗಳು ದಿನ ದಿನಕ್ಕೆ ಹಗುರಾದವು, ಒತ್ತಿದರೆ ರಬ್ಬರ್ ಚೆಂಡಿನ ಹಾಗೆ. ನೀರು ಚಿಮುಕಿಸೋಣ ಅಂತ ನೆಗೆಣ್ಣಿ ಹೇಳಿದಳು, ಬೇಡ ಅಂದೆ. ಗಡ್ಡೆಯ ಮೈ ಒದ್ದೆಯಾದರೆ ಆ ಸೆಕೆಗೆ ಕೊಳೆ ಶುರು. ಗಾಳಿಯಲ್ಲಿ ತೇವ ಬೇಕು, ಗಡ್ಡೆಯ ಮೇಲೆ ಅಲ್ಲ. ಈ ಒಂದು ವ್ಯತ್ಯಾಸ ನಮ್ಮ ಮನೆಯಲ್ಲಿ ಎಲ್ಲರಿಗೂ ಅರ್ಥ ಆಗೋಕೆ ಒಂದು ಕ್ರೇಟ್ ಆಲೂಗಡ್ಡೆ ಬಲಿಯಾಗಬೇಕಾಯಿತು, ಅದನ್ನು ಈಗ ಹೇಳುತ್ತೇನೆ.

ಇಟ್ಟಿಗೆ ತೊಟ್ಟಿ ನಮ್ಮ ಹೊಸ ಐಡಿಯಾ ಅಲ್ಲ. ದೆಹಲಿಯ ಪೂಸಾದಲ್ಲಿರುವ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ 1980ರ ದಶಕದಲ್ಲಿ ರೂಪಿಸಿದ್ದು, ಜೀರೋ ಎನರ್ಜಿ ಕೂಲ್ ಚೇಂಬರ್ ಅಂತ ಕರೆಯುತ್ತಾರೆ. ಕರೆಂಟ್ ಬೇಡ. ನೆಲಕ್ಕೆ ಒಂದು ಪದರ ಇಟ್ಟಿಗೆ, ಸುತ್ತ ಎರಡು ಗೋಡೆ, ಎರಡರ ನಡುವೆ ಮೂರು ಇಂಚು ಸಂದು, ಆ ಸಂದಿಗೆ ಉಸುಕು. ಉಸುಕಿಗೆ ದಿನಾ ನೀರು. ಮಣ್ಣಿನ ಮಡಕೆಯಲ್ಲಿ ನೀರು ಯಾಕೆ ತಣ್ಣಗಾಗುತ್ತದೋ ಅದೇ ಕಾರಣಕ್ಕೆ ಇದರ ಒಳಗೂ ತಣ್ಣಗಾಗುತ್ತದೆ. ನೀರು ಆವಿಯಾಗುವಾಗ ಗೋಡೆಯ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ಗಾಳಿ ಒಣಗಿದಷ್ಟೂ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಮಂಗಳೂರಿನಲ್ಲಿ ಕಟ್ಟಿದರೆ ಸುಮ್ನೆ ಇಟ್ಟಿಗೆ ದಂಡ. ನಮ್ಮ ಕಡೆಯ ಒಣ ಬಿಸಿಲಿಗೆ ಹೇಳಿ ಮಾಡಿಸಿದ್ದು.

ಮನೆ ಹಿಂದೆ ಬಿದ್ದಿದ್ದ ಸುಟ್ಟ ಇಟ್ಟಿಗೆ ಸುಮಾರು 400 ಹಿಡಿಯಿತು. ಸಿಮೆಂಟ್ ಬ್ಲಾಕ್ ಬೇಡ, ಗಿಲಾವೂ ಬೇಡ, ಇಟ್ಟಿಗೆ ನೀರು ಕುಡಿಯಬೇಕು. ಭಾವ ಮತ್ತು ನಮ್ಮ ಮನೆಯವರು ಒಂದು ಭಾನುವಾರ ಕಟ್ಟಿದರು. ಎದೆಮಟ್ಟ ಕೂಡ ಇಲ್ಲ, ಸೊಂಟದ ಕೆಳಗೇ. ಹಳ್ಳದ ಉಸುಕನ್ನು ಜರಡಿ ಹಿಡಿದು ತುಂಬಿದೆವು. ಮೇಲೆ ಬಿದಿರಿನ ತಟ್ಟಿ, ಅದರ ಮೇಲೆ ಹುಲ್ಲು, ಒದ್ದೆ ಗೋಣಿ. ಒಳಗೆ ಟೊಮ್ಯಾಟೊ ಕ್ರೇಟ್ ಮೂರು, ಒಂದೊಂದಕ್ಕೆ 20 ಕೆಜಿ, ಕೆಳಗೆ ಇಟ್ಟಿಗೆ ತುಂಡು ಕೊಟ್ಟು ನೆಲದಿಂದ ಎತ್ತರಿಸಿ. ಬೆಳಿಗ್ಗೆ ಎರಡು ಕೊಡ, ಸಂಜೆ ಎರಡು ಕೊಡ ನೀರು.

ಮೊದಲ ವಾರ ಥರ್ಮಾಮೀಟರ್ ನೋಡೋದೇ ಎಲ್ಲರಿಗೂ ಆಟ. ಫೆಬ್ರವರಿಯಲ್ಲಿ ಒಳಗೆ 19, 20. ಮಾರ್ಚ್‌ನಲ್ಲಿ ಹೊರಗೆ 38 ಇದ್ದ ಮಧ್ಯಾಹ್ನ ಒಳಗೆ 24. ಮಾವ ಕೈ ಹಾಕಿ ನೋಡಿ, "ಬಾವ್ಯಾಗ ಕೈ ಇಟ್ಟಂಗ ಆಕ್ಕೈತಿ" ಅಂದರು. ಗಡ್ಡೆಗಳು ಗಟ್ಟಿಯಾಗೇ ಇದ್ದವು, ತೂಕ ಇಳಿದದ್ದೂ ಕಡಿಮೆ.

ಮಾರ್ಚ್ ಎರಡನೇ ವಾರ ಭಾವನ ಮಗಳು ರಜೆಯ ಉತ್ಸಾಹದಲ್ಲಿ ಪೈಪ್ ಹಿಡಿದು ನೀರು ಬಿಟ್ಟಳು, ಉಸುಕಿಗೂ, ತಟ್ಟಿಯ ಮೇಲೂ. ನೀರು ಸೋರಿ ಮೇಲಿನ ಕ್ರೇಟ್ ನೆನೆಯಿತು. ಯಾರಿಗೂ ಗೊತ್ತಾಗಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಅತ್ತೆ ತಟ್ಟಿ ಎತ್ತುವ ಮೊದಲೇ ನಿಂತು ಮೂಗು ಹಿಡಿದರು. ಆಲೂಗಡ್ಡೆ ಕೊಳೆತ ವಾಸನೆ ಗೊತ್ತಿರೋರಿಗೆ ಹೇಳಬೇಕಾಗಿಲ್ಲ, ಸತ್ತ ಇಲಿ ಎಷ್ಟೋ ಮೇಲು. ಒಂದು ಗಡ್ಡೆ ಕೈಗೆ ತೆಗೆದುಕೊಂಡರೆ ಸಿಪ್ಪೆ ಮಾತ್ರ ಕೈಯಲ್ಲಿ ಉಳಿಯಿತು, ಒಳಗಿನದ್ದು ಗಂಜಿಯಾಗಿ ಬೆರಳ ಸಂದಿಯಿಂದ ಇಳಿಯಿತು. ಆ ಗಂಜಿ ತಾಗಿದ ಪಕ್ಕದ ಗಡ್ಡೆಯೂ ಮೆತ್ತಗೆ. 9 ಕೆಜಿ ಹೋಯಿತು. ಕ್ರೇಟ್ ತೊಳೆದು ಬಿಸಿಲಿಗೆ ಒಣಗಿಸಿ, ಉಳಿದವನ್ನು ಒಂದೊಂದಾಗಿ ಬಟ್ಟೆಯಿಂದ ಒರೆಸಿ ನೆರಳಲ್ಲಿ ಆರಿಸಿ ಮತ್ತೆ ಇಟ್ಟೆವು. ಅಂದಿನಿಂದ ನೀರು ಹಾಕೋ ಕೆಲಸ ಅತ್ತೆಯದು ಮಾತ್ರ, ವಾರಕ್ಕೆರಡು ಸಲ ಕ್ರೇಟ್ ಮೂಸಿ ನೋಡೋ ಕೆಲಸವೂ ಅವರದೇ. ಕಣ್ಣಿಗೆ ಕಾಣೋಕೆ ಎರಡು ದಿನ ಮೊದಲೇ ಅವರ ಮೂಗಿಗೆ ಗೊತ್ತಾಗುತ್ತದೆ.

ಫ್ರಿಜ್‌ನ 10 ಕೆಜಿ ಬಗ್ಗೆ ಜಾಸ್ತಿ ಹೇಳೋಕಿಲ್ಲ. ಕೊಳೆಯಲಿಲ್ಲ, ಮೊಳೆಯಲಿಲ್ಲ, ಆದರೆ ಸಿಹಿಯಾದವು. ಅಷ್ಟು ಚಳಿಗೆ ಗಡ್ಡೆ ತನ್ನ ಹಿಟ್ಟನ್ನು ಸಕ್ಕರೆ ಮಾಡಿಕೊಳ್ಳುತ್ತದೆ. ಮಂಡಾಳ್ ಒಗ್ಗರಣೆ ಜೊತೆಗೆ ಮಿರ್ಚಿ ಮಾಡಿದ ದಿನ ಅದೇ ಎಣ್ಣೆಗೆ ಆಲೂಗಡ್ಡೆ ಬಜ್ಜಿಯನ್ನೂ ಬಿಟ್ಟೆ. ಹೋಳು ಕಂಡ ಕಡೆಯೆಲ್ಲ ಕಂದು ಹಿಡಿಯಿತು, ಮಗ ಒಂದು ಕಡಿದು "ಗೆಣಸಿಂದಾ ಅಮ್ಮಾ?" ಅಂದ. ಹೊರಗೆ ತೆಗೆದು ಒಂದೆರಡು ವಾರ ಇಟ್ಟರೆ ಸಕ್ಕರೆ ಒಂದಿಷ್ಟು ಇಳಿಯುತ್ತದೆ. ಪಲ್ಯಕ್ಕೆ, ಸಾಂಬಾರಿಗೆ ಏನೂ ತೊಂದರೆ ಇಲ್ಲ. ಕರಿಯೋಕೆ ಮಾತ್ರ ಬೇಡ.

ಈಗ ಮೊಳಕೆಯ ಮಾತು. ಎಲ್ಲ ಲೆಕ್ಕ ತಿರುಗಿದ್ದು ಇಲ್ಲಿ. ಕಿತ್ತ ಆಲೂಗಡ್ಡೆ ಒಂದಿಷ್ಟು ವಾರ ಮಲಗಿರುತ್ತದೆ, ಏನು ಮಾಡಿದರೂ ಮೊಳೆಯಲ್ಲ. ನಮ್ಮ ಸೆಕೆಗೆ ಆ ನಿದ್ದೆ ಎಂಟು ವಾರಕ್ಕೆ ಮುಗಿಯಿತು. ಮಾರ್ಚ್ 10ರ ಸುಮಾರಿಗೆ ಒಳಕೋಣೆಯಲ್ಲಿ ಕಣ್ಣುಗಳು ಬಿಳಿಯಾಗಿ ಉಬ್ಬಿದವು, ಇನ್ನೊಂದು ವಾರಕ್ಕೆ ಇಟ್ಟಿಗೆ ತೊಟ್ಟಿಯಲ್ಲೂ. ತೊಟ್ಟಿ ಕೆಲಸ ಮಾಡಲಿಲ್ಲವಾ ಅಂತ ಭಾವನಿಗೆ ಬೇಜಾರು. ಆದರೆ 24 ಡಿಗ್ರಿ ಅಂದರೆ ನಮಗೆ ತಂಪು, ಆಲೂಗಡ್ಡೆಗೆ ಅದು ಮೊಳೆಯೋಕೆ ಹಿತವಾದ ಹವೆ. ನಿದ್ದೆ ಮುಗಿದ ಮೇಲೂ ಮೊಳಕೆಯನ್ನು ಚೆನ್ನಾಗಿ ತಡೆಯೋದು 4 ಡಿಗ್ರಿಯ ಆಸುಪಾಸಿನ ಚಳಿ. ಆಗ್ರಾ ಕಡೆ ಫೆಬ್ರವರಿ, ಮಾರ್ಚ್‌ನಲ್ಲಿ ಕಿತ್ತದ್ದನ್ನು ದೀಪಾವಳಿವರೆಗೂ ಇಡೋದು ಅಂಥ ಕೋಲ್ಡ್ ಸ್ಟೋರೇಜ್‌ಗಳಲ್ಲೇ. ಹಾಸನದ ರೈತರೂ ಪ್ರತಿ ವರ್ಷ ಬೀಜದ ಗಡ್ಡೆಯನ್ನು ಪಂಜಾಬಿನ ಜಲಂಧರ್ ಕಡೆಯಿಂದ ತರಿಸೋದು ಸುಮ್ನೆ ಅಲ್ಲ. ಹಾಸನದವರಿಗೇ ಹೀಗಾದರೆ, ನಮ್ಮ ಬಿಸಿಲಿನಲ್ಲಿ ಜನವರಿಯ ಗಡ್ಡೆಯನ್ನು ಅಕ್ಟೋಬರ್ ಬಿತ್ತನೆವರೆಗೆ ಇಡೋ ಮಾತು ದೂರ ಉಳಿಯಿತು.

ಮೊಳಕೆ ಗಿಡ್ಡ ಇರುವಾಗಲೇ ಚಿವುಟಿ ತೆಗೆದೆವು, ಕಣ್ಣನ್ನು ಆಳವಾಗಿ ಕೆತ್ತಿ ಅಡುಗೆ ಮಾಡಿದೆವು, ಮೊಳಕೆಯಲ್ಲೂ ಅದೇ ಸೋಲನೈನ್ ಜಾಸ್ತಿ. ಚಿವುಟಿದರೆ ವಾರದಲ್ಲಿ ಮತ್ತೆ ಬರುತ್ತದೆ, ಪ್ರತಿ ಸಲವೂ ಗಡ್ಡೆ ಇನ್ನಷ್ಟು ಸೊರಗುತ್ತದೆ.

ಯುಗಾದಿ ಹಿಂದಿನ ದಿನ ಡೈರಿ ತೆಗೆದು ಕೂಡಿಸಿದೆ. ನಾಲ್ಕೂ ಕಡೆಯಿಂದ ಎರಡು ಮನೆಯ ಒಂಬತ್ತು ಜನ ತಿಂದದ್ದು 73 ಕೆಜಿ. ಮೆಟ್ಟಿಲು ಕೋಣೆಯಿಂದ 18, ಒಳಕೋಣೆಯಿಂದ 21, ತೊಟ್ಟಿಯಿಂದ 24, ಫ್ರಿಜ್‌ನದು 10. ಎಂಟು ವಾರಕ್ಕೆ 73 ಅಂದರೆ ವಾರಕ್ಕೆ ಒಂಬತ್ತು ಕೆಜಿ, ತಲೆಗೊಂದು. ಇದನ್ನು ಫೆಬ್ರವರಿ 1ಕ್ಕೇ ಕೂಡಿಸಿದ್ದರೆ? ಗಡ್ಡೆ ತಾಳೋದು ಹೆಚ್ಚೆಂದರೆ ಹತ್ತು ವಾರ, ನಾವು ತಿನ್ನೋದು ವಾರಕ್ಕೆ ಒಂಬತ್ತು, ಅಂದರೆ ಇಡಬೇಕಾಗಿದ್ದು 90 ಕೆಜಿ. ನಾವು ಇಟ್ಟದ್ದು 160. ಇಷ್ಟು ದಿನ ಜಾಗ ಹುಡುಕಿದೆವು, ತಟ್ಟಿ ಹೆಣೆದೆವು, ಉಸುಕು ಜರಡಿ ಹಿಡಿದೆವು, ಆದರೆ ಎಷ್ಟು ಇಡಬೇಕು ಅಂತ ಯಾರೂ ಕೇಳಲಿಲ್ಲ. ಲೆಕ್ಕ ಬರೆದು ಹೊಟ್ಟೆ ಹೊರೆಯುವ ನಾನೂ ಕೇಳಲಿಲ್ಲ. ಉಳಿದ 70 ಕೆಜಿಯನ್ನು ಬಿದ್ದ ದರಕ್ಕೇ ಜನವರಿಯಲ್ಲಿ ಕೊಟ್ಟಿದ್ದರೂ ತಿಪ್ಪೆಗೆ ಹೋಗುತ್ತಿರಲಿಲ್ಲ ಅಲ್ವಾ. ಭಾವ ಕಾದ ದರವೇನೋ ಬೇಸಿಗೆಯಲ್ಲಿ ಒಂದಿಷ್ಟು ಏರಿತು. ಆಗ ನಮ್ಮ ಹತ್ತಿರ ಇದ್ದದ್ದು ಕೂದಲು ಬಂದ ರಬ್ಬರ್ ಚೆಂಡು.

ಆ ದಿನ ಒಳಕೋಣೆಯಲ್ಲಿ 18, ತೊಟ್ಟಿಯಲ್ಲಿ 24 ಉಳಿದಿತ್ತು. ಅತ್ತೆ ಒಂದು ನೋಟ ನೋಡಿ, "ಇವನ್ನ ಇನ್ನ ಕಾಯೂದು ಸಾಕು, ಸಂಡಿಗಿ ಮಾಡೂಣು" ಅಂದರು. ಒಳಕೋಣೆಯ 18 ಪೂರ್ತಿ, ತೊಟ್ಟಿಯಿಂದ 12, ಒಟ್ಟು 30 ಕೆಜಿ. ಹಬ್ಬ ಮುಗಿದ ಎರಡು ದಿನಕ್ಕೆ ನಸುಕಿನಲ್ಲಿ ಕುಳಿತೆವು. ಸಿಪ್ಪೆ ಹೆರೆದು, ಮಣೆಯ ಮೇಲೆ ತೆಳ್ಳಗೆ ಬಿಲ್ಲೆ ಹೊಡೆದು, ಕೂಡಲೇ ನೀರಿಗೆ ಹಾಕಬೇಕು, ಇಲ್ಲವಾದರೆ ಕೆಂಪಾಗುತ್ತವೆ. ಎರಡು ಸಲ ನೀರು ಬದಲಿಸಿ, ಉಪ್ಪು ಹಾಕಿದ ಕುದಿಯೋ ನೀರಿನಲ್ಲಿ ಮೂರು ನಿಮಿಷ. ಬಿಲ್ಲೆ ಬಾಗಬೇಕು, ಮುರಿಯಬಾರದು, ಆ ಹದಕ್ಕೆ ತೆಗೆದು ಮಾಳಿಗೆ ಮೇಲೆ ಹಳೆಯ ಸೀರೆ ಹಾಸಿ ಒಂದೊಂದಾಗಿ ಹರವಬೇಕು. ಬೆಳಿಗ್ಗೆ ಎಂಟಕ್ಕೆ ಹರವಿದ್ದು ಸಂಜೆಗೆ ಗಲಗಲ ಅನ್ನುತ್ತಿತ್ತು. ಎರಡು ತಿಂಗಳು ಯಾವ ಬಿಸಿಲಿಗೆ ಬೈದಿದ್ದೆವೋ ಅದೇ ಬಿಸಿಲು ಒಂದೇ ದಿನದಲ್ಲಿ ಕೆಲಸ ಮುಗಿಸಿತು. ಎರಡನೇ ದಿನವೂ ಒಣಗಿಸಿ ತೂಗಿದರೆ ಐದೂವರೆ ಕೆಜಿ, ಎರಡು ದೊಡ್ಡ ಡಬ್ಬಿ. ನೀರೇ ಎಂಬತ್ತು ಪಾಲು ಅಂದಿದ್ದೆನಲ್ಲ, ಅದೆಲ್ಲ ಮಾಳಿಗೆ ಮೇಲಿಂದ ಹಾರಿಹೋಗಿತ್ತು. ಸೊರಗಿದ ಗಡ್ಡೆಯ ಸಿಪ್ಪೆ ಹೆರೆಯೋದು ಮಾತ್ರ ಕೈಗೆ ಬೊಬ್ಬೆ ಬರಿಸೋ ಕೆಲಸ. ಇದನ್ನೇ ಮಾರ್ಚ್ ಮೊದಲ ವಾರ, ಗಡ್ಡೆ ಗಟ್ಟಿ ಇರುವಾಗಲೇ ಮಾಡಬೇಕಿತ್ತು.

ಈ ವರ್ಷ ಅರ್ಧ ಚೀಲ ಬೀಜ ಸಾಕು ಅಂತ ಆಗಿದೆ. ಅದನ್ನೂ ಎರಡು ಪಾಲು ಮಾಡಿ, ಒಂದು ಅಕ್ಟೋಬರ್‌ನಲ್ಲಿ, ಇನ್ನೊಂದು ನವೆಂಬರ್ ಮೊದಲ ವಾರ ನೆಡಬೇಕು, ಆಗ ಎರಡನೇ ಪಾಲಿನ ನಿದ್ದೆ ತಡವಾಗಿ ಶುರುವಾಗುತ್ತದೆ. ಮೆಟ್ಟಿಲು ಕೋಣೆಗೆ ಏನೂ ಇಲ್ಲ. ಮೊದಲು ಒಳಕೋಣೆಯದು ತಿನ್ನೋದು, ಆಮೇಲೆ ತೊಟ್ಟಿಯದು. ಶಿವರಾತ್ರಿಗೆ ಒಮ್ಮೆ ತೂಗಿ, ಹತ್ತು ವಾರದೊಳಗೆ ತಿಂದು ಮುಗಿಯದೇ ಉಳಿಯುವಷ್ಟನ್ನು ಆಗಲೇ ಸಂಡಿಗೆಗೆ ಎತ್ತೋದು. ಭಾವ ಇನ್ನೂ ದರದ ಮಾತಾಡುತ್ತಾರೆ, ಆಡಲಿ.

ತೊಟ್ಟಿಯ ಕೊನೆಯ 12 ಕೆಜಿ ಏಪ್ರಿಲ್ 19ಕ್ಕೆ ಮುಗಿಯಿತು. ಆಗ ಹೊರಗೆ 40, ಒಳಗೆ 26. ಖಾಲಿ ಆಯಿತಲ್ಲ, ಇನ್ನು ನೀರು ಹಾಕೋದು ನಿಲ್ಲಿಸಿ ಅಂದೆ. ಅತ್ತೆ ಕೇಳಲಿಲ್ಲ. ಮರುದಿನ ನೋಡಿದರೆ ಒಳಗೆ ಕೊತ್ತಂಬರಿ, ಮೆಂತ್ಯ ಸೊಪ್ಪು, ಹಸಿಮೆಣಸಿನಕಾಯಿ, ಪಕ್ಕದಲ್ಲಿ ಮಜ್ಜಿಗೆ ಗಡಿಗೆ. ಕೊತ್ತಂಬರಿ ನಾಲ್ಕು ದಿನವಾದರೂ ಬಾಡಿರಲಿಲ್ಲ. ಈಗ ಓಣಿಯ ಇಬ್ಬರು ತಮ್ಮ ಸೊಪ್ಪನ್ನೂ ಅದರೊಳಗೆ ತಂದಿಡುತ್ತಾರೆ, ಸಂಜೆಯ ಎರಡು ಕೊಡ ನೀರು ಅವರ ಪಾಳಿ.